ಘಾಟಿ ಇಳಿಸದ ಕೈ

ಕನಕಪುರದಿಂದ ಯಾರದೋ ಹುಣಸೆಹಣ್ಣಿನ ಗಾಡಿ ಹತ್ತಿಕೊಂಡು ಪಂಚಾಕ್ಷರಿ ಚನ್ನಪಟ್ಟಣದ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಹಿತ್ತಿಲಲ್ಲಿ ಕೈಕಾಲು ತೊಳೆದು ಒಳಗೆ ಬಂದವನ ಮುಖ ನೋಡಿಯೇ ಅವನ ಹೆಂಡತಿ ಗಿರಿಜಾಂಬನಿಗೆ ಗೊತ್ತಾಯಿತು, ಅಲ್ಲಿಯೂ ಲಾರಿ ಓಡಿಸುವ ಕೆಲಸ ಸಿಗಲಿಲ್ಲವೆಂದು. ಅವಳು ಏನೂ ಕೇಳದೆ ತಣಿಗೆ ಹಾಕಿ, ಮುದ್ದೆ ಇಟ್ಟು, ಉಪ್ಪೆಸರು ಬಿಟ್ಟಳು. ಲಿಂಗಪೂಜೆ ಮುಗಿಸಿ ಆಗಲೇ ಊಟಕ್ಕೆ ಕೂತಿದ್ದ ಮಾವ ಗವಿಸಿದ್ದಯ್ಯ ತಲೆ ಎತ್ತದೆಯೇ ಕೇಳಿದ.

"ಏನಂದ್ರು?"

"ಅದೇ. ಘಾಟಿ ಇಳಿಸಿದ್ದೀಯಾ ಅಂದ್ರು. ಇಲ್ಲ ಅಂದೆ. ಹಂಗಾದ್ರೆ ಇಳಿಸಿ ಬಾ, ಆಮೇಲೆ ನೋಡುವ ಅಂದ್ರು."

"ಗಾಡಿ ಕೊಡದೆ ಎಂಗ್ಲಾ ಇಳಿಸ್ತಾರೆ?"

"ನಾನೂ ಅದನ್ನೇ ಕೇಳ್ದೆ ಕಣಪ್ಪ. ನಕ್ಬುಟ್ರು."

ಮೋಟಾರು ಲಾರಿಗಳು ಬಂದು ಎತ್ತಿನಗಾಡಿಗಳ ಬಾಡಿಗೆಯನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ಗವಿಸಿದ್ದಯ್ಯ ಆಯಸ್ಸೆಲ್ಲ ಕನಕಪುರ, ಸಾತನೂರು ಕಡೆಯ ಸರಕನ್ನು ಚನ್ನಪಟ್ಟಣದ ರೈಲು ಸ್ಟೇಷನ್ನಿಗೆ ಹೊತ್ತು ತಂದವನು. ಈಗ ಅವನ ಎತ್ತುಗಳು ವಾರದಲ್ಲಿ ಹೆಚ್ಚು ದಿನ ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿದ್ದವು. ಮಗನಾದರೂ ಹೊಸ ಕಾಲದ ಕೆಲಸ ಹಿಡಿದನಲ್ಲ ಎಂದು ಅವನಿಗೆ ಸಮಾಧಾನವಿತ್ತು. ಪಂಚಾಕ್ಷರಿ ಮದುವೆಗೂ ಮುಂಚಿನಿಂದ ಮಾಗಡಿಯಲ್ಲಿ ಊರುಗಳ ಒಡೆತನವಿದ್ದ ಜೋಡಿದಾರರೊಬ್ಬರ ಕಾರು ಓಡಿಸುತ್ತಿದ್ದ. ಮಹಾರಾಜರ ಸರ್ಕಾರದ ಪೊಲೀಸರ ಎದುರು ಗಾಡಿ ಓಡಿಸಿ ತೋರಿಸಿ ಲೈಸೆನ್ಸು ಪಡೆದಿದ್ದ. ಜೋಡಿದಾರರು ತೀರಿಕೊಂಡರು, ಮಕ್ಕಳು ಕಾರು ಮಾರಿ ಪಾಲು ಹಂಚಿಕೊಂಡರು, ಇವನು ಹಾಸಿಗೆ ಸುತ್ತಿಕೊಂಡು ಊರಿಗೆ ಬಂದ. ಕಾರು ಇಟ್ಟಿರುವ ಮನೆಗಳು ಆ ಸುತ್ತಿಗೆ ಎಷ್ಟಿದ್ದಾವು? ಇನ್ನು ಉಳಿದದ್ದು ಲಾರಿ. ಮಾಗಡಿಯಲ್ಲಿ ಕೇಳಿದ, ಸೋಲೂರಿನಲ್ಲಿ ಕೇಳಿದ, ಆಗ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ರಾಮನಗರದಲ್ಲಿ ಕೇಳಿದ. ಎಲ್ಲ ಕಡೆಯೂ ಲೈಸೆನ್ಸನ್ನು ತಿರುಗಿಸಿ ನೋಡಿ ಒಂದೇ ಮಾತು ಕೇಳುತ್ತಿದ್ದರು: ಲೋಡು ಹೊಡೆದಿದ್ದೀಯಾ, ದೂರ ಹೋಗಿದ್ದೀಯಾ, ಘಾಟಿ ಇಳಿಸಿದ್ದೀಯಾ? ಇವನು ಹೋದ ದೂರವೆಂದರೆ ಬೆಂಗಳೂರು, ಹತ್ತಿದ ಏರು ಶಿವಗಂಗೆಯ ಬೆಟ್ಟದ ಬುಡ. ಅದೂ ಹಿಂದಿನ ಸೀಟಿನಲ್ಲಿ ಕೂತ ಜೋಡಿದಾರರ ಹೆಂಡತಿ ನಿಧಾನ, ನಿಧಾನ ಎನ್ನುತ್ತಿದ್ದಾಗ.

ಗವಿಸಿದ್ದಯ್ಯ ಮಜ್ಜಿಗೆ ಕುಡಿದು, ಕೆಲಸ ಸಿಗುವ ತನಕ ತನ್ನ ಜೊತೆ ಗಾಡಿಗಾದರೂ ಬಾ ಎಂದ. ನಿನ್ನ ಗಾಡಿಗೇ ಬಾಡಿಗೆ ಇಲ್ಲ, ಇಬ್ಬರು ಹೋಗಿ ಎತ್ತಿನ ಬಾಲ ಎಣಿಸೋಣವೇ ಎಂದು ಮಗ ಸಿಡುಕಿದ. ಅತ್ತೆ ಬಸಮ್ಮ ಒಲೆಯ ಮುಂದಿನಿಂದಲೇ ಇಬ್ಬರನ್ನೂ ಗದರಿದಳು. ಉಣ್ಣುವ ಹೊತ್ತಿನಲ್ಲಿ ಮಾತು ಬೇಡವೆಂದು ಹೇಳಿದವಳು, ಬೀದಿಯವರೆಲ್ಲ ನಿಮ್ಮ ಮಗನಿಗೆ ಏನಾಯಿತು ಎಂದು ಕೇಳುತ್ತಾರೆ, ಬೀದಿಯ ಸಿಹಿನೀರಿನ ಬಾವಿಗೆ ಹೋಗಲು ನಾಚಿಕೆಯಾಗುತ್ತದೆ ಎಂದು ತಾನೇ ಬಹಳ ಹೊತ್ತು ಮಾತಾಡಿದಳು. ಪಂಚಾಕ್ಷರಿ ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದ. ಮಿಕ್ಕ ಮುದ್ದೆಯನ್ನು ಗಿರಿಜಾಂಬ ಮಜ್ಜಿಗೆಯಲ್ಲಿ ಕಲಸಿ ಮಗಳಿಗೆ ಉಣಿಸಿದಳು.

ಆ ಮನೆಗೆ ಆಗ ಆಧಾರವಾಗಿದ್ದದ್ದು ಗಿರಿಜಾಂಬನ ರೇಷ್ಮೆ ಕೆಲಸ. ಕೋಟೆಯ ಕಡೆ ಇದ್ದ ಅಮೀರ್ ಸಾಹೇಬರ ಮನೆಯಿಂದ ರೇಷ್ಮೆ ನೂಲಿನ ಲಡಿ ತಂದು, ನಡುಮನೆಯಲ್ಲಿ ಕೂತು ಸುತ್ತಿ ಕೊಡುತ್ತಿದ್ದಳು. ಹುಳ ಬೇಯಿಸುವ ಜಾಗಕ್ಕೆ ಲಿಂಗ ಕಟ್ಟಿದವಳು ಹೋಗುವುದು ಬಸಮ್ಮನಿಗೆ ಹಿಡಿಸುತ್ತಿರಲಿಲ್ಲ. ಬಂದ ಮೇಲೆ ತಲೆಗೆ ನೀರು ಹಾಕಿಕೊಂಡೇ ಅಡಿಗೆಮನೆ ಹೊಗಬೇಕೆಂದು ಕಟ್ಟು ಮಾಡಿದ್ದಳು. ಗವಿಸಿದ್ದಯ್ಯನಿಗೆ ಬೇರೆ ಸಂಕಟ. ಒಂದು ಕಾಲದಲ್ಲಿ ಅಮೀರ್ ಸಾಹೇಬರ ಸರಕೆಲ್ಲ ಅವನ ಗಾಡಿಯಲ್ಲೇ ಹೋಗುತ್ತಿತ್ತು. ಅವರು ಲಾರಿ ತಂದ ದಿನದಿಂದ ಅವನು ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಒಂದು ದಿನ ಸುತ್ತಿದ ರೇಷ್ಮೆ ಒಪ್ಪಿಸಲು ಹೋದಾಗ, ಅಮೀರ್ ಸಾಹೇಬರ ಹೆಂಡತಿ ಖುರ್ಷಿದಾ ಪಡಸಾಲೆಯಲ್ಲಿ ತಕ್ಕಡಿ ಹಿಡಿದು ಕೂತು, ಮನೆಯವರು ಎರಡನೆಯ ಲಾರಿ ತಂದಿದ್ದಾರೆ, ಓಡಿಸುವವರು ಸಿಗುತ್ತಿಲ್ಲ, ಹಳೆಯ ಲಾರಿಯ ಮುನಿಶಾಮಯ್ಯನಂಥವನು ಇನ್ನೊಬ್ಬ ಬೇಕು ಎಂದು ಮಾತಿನ ನಡುವೆ ಹೇಳಿದಳು. ಗಿರಿಜಾಂಬ ಚೀಲ ಮಡಿಸುವುದನ್ನು ನಿಲ್ಲಿಸಿದಳು. ನಮ್ಮವರೂ ಡ್ರೈವರೇ, ಮಾಗಡಿ ಜೋಡಿದಾರರ ತಾವ ಇದ್ದರು ಎಂದಳು.

"ಕಾರೋ ಲಾರಿಯೋ?"

"ಕಾರು. ಆದ್ರೂ ಎಲ್ಲಾ ಗೊತ್ತು ಅವ್ರಿಗೆ."

"ಘಾಟಿ ಇಳಿಸವ್ರಾ ಗಿರಿಜಮ್ಮ? ನಮ್ಮ ಗಾಡಿ ದಿಂಬಂ ಇಳಿದು ಕೊಯಮತ್ತೂರಿಗೆ ಹೋಗ್ಬೇಕು."

ಊರೂರಿನಿಂದ ಗಂಡನ ಬೆನ್ನಿಗಂಟಿ ಮನೆಗೆ ಬರುತ್ತಿದ್ದ ಪ್ರಶ್ನೆ ಈಗ ಅವಳ ಎದುರಿಗೇ ಬಂದು ಕೂತಿತು. ಇಲ್ಲ ಎಂದರೆ ಮುಂದೇನೆಂದು ಅವಳಿಗೆ ಗೊತ್ತಿತ್ತು.

"ಹೂಂ," ಎಂದಳು. "ಜೋಡಿದಾರ್ರ ಮನೆಯೋರನ್ನ ಊಟಿಗೆ ಎಷ್ಟೋ ಸಲ ಕರ್ಕೊಂಡೋಗಿ ಬಂದವ್ರೆ."

ಖುರ್ಷಿದಾ ಅಷ್ಟಕ್ಕೇ ಒಪ್ಪಿದಳು. ಇವಳ ರೇಷ್ಮೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆ ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಆ ನಂಬಿಕೆ ಮಾತಿಗೂ ಹರಿಯಿತು. ಇವತ್ತೇ ಮನೆಯವರಿಗೆ ಹೇಳುತ್ತೇನೆ, ನಾಳೆ ಬರಹೇಳು ಎಂದಳು.

ಸಂಜೆ ಗಿರಿಜಾಂಬ ಗಂಡನಿಗೆ ಹೇಳಿದಳು.

"ಊಟಿ ಅಂದ್ಯಾ?"

"ಬಾಯಿಗೆ ಬಂದ್ಬುಡ್ತು."

ಅವನಿಗೆ ನಗು ಬಂತು. ಎಷ್ಟೋ ವಾರದ ಮೇಲೆ ಅವನು ನಕ್ಕದ್ದು ಅವತ್ತೇ. "ಊಟೀಲಿ ಬೋ ಚಳಿ ಅಂತಾರೆ. ಕೇಳುದ್ರೆ ಅದನ್ನೇ ಯೋಳ್ತೀನಿ," ಎಂದ.

ಮಾರನೆಯ ದಿನ ಅಮೀರ್ ಸಾಹೇಬರು ಚಳಿಯ ವಿಚಾರ ಕೇಳಲಿಲ್ಲ. ಖಾಲಿ ಲಾರಿಯನ್ನು ಬೈರಾಪಟ್ಟಣದ ತನಕ ಓಡಿಸಿಕೊಂಡು ಬಾ ಎಂದರು, ಮುನಿಶಾಮಯ್ಯನನ್ನು ಪಕ್ಕದಲ್ಲಿ ಕೂರಿಸಿದರು. ಮುನಿಶಾಮಯ್ಯ ತಲೆಗೂದಲು ನರೆತ, ಮಾತು ಕಡಿಮೆಯ ಮನುಷ್ಯ. ಹೋಗಿ ಬಂದ ಮೇಲೆ, ಕೈ ನಯವಾಗಿದೆ ಎಂದಷ್ಟೇ ಹೇಳಿದ. ಕೆಲಸ ಆಯಿತು. ಹೊಸ ಲಾರಿಗೆ ಸರಕು ಹೇರುವ ಮರದ ಅಟ್ಟ ಕಟ್ಟುವ ಕೆಲಸ ಬಾಕಿ ಇತ್ತು; ಅದು ಮುಗಿದ ಮೇಲೆ ಎರಡೂ ಲಾರಿಗಳು ಬೆಲ್ಲ, ಕೊಬ್ಬರಿ, ಹುಣಸೆಹಣ್ಣು ಹೇರಿಕೊಂಡು ಒಟ್ಟಿಗೆ ಹೊರಡಬೇಕು, ಬರುವಾಗ ನೂಲಿನ ಪಿಂಡಿ ತರಬೇಕು ಎಂದು ಗೊತ್ತಾಯಿತು. ಪಂಚಾಕ್ಷರಿಯ ಲಾರಿಗೆ ಕ್ಲೀನರಾಗಿ ಖುರ್ಷಿದಾಳ ತಮ್ಮ ಮೆಹಬೂಬ್ ಬರುವುದೆಂದಾಯಿತು.

ಮನೆಯ ಗಾಳಿಯೇ ಬದಲಾಯಿತು. ಬಸಮ್ಮ ಗಸಗಸೆ ಪಾಯಸ ಮಾಡಿ ಮೊದಲ ಸೌಟನ್ನು ಸೊಸೆಯ ಲೋಟಕ್ಕೇ ಬಿಟ್ಟಳು. ರೇಷ್ಮೆ ಮನೆಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಳ್ಳಬೇಕೆಂಬ ಕಟ್ಟು ತಾನಾಗಿ ಸಡಿಲವಾಯಿತು. ಬಾವಿಯ ಹತ್ತಿರ ಯಾರೂ ಕೇಳದಿದ್ದರೂ, ನಮ್ಮ ಮಗ ಕೊಯಮತ್ತೂರಿಗೆ ಹೋಗುತ್ತಾನೆ ಎಂದು ಹೇಳಿ ಬರುತ್ತಿದ್ದಳು. ಗವಿಸಿದ್ದಯ್ಯನೂ ಅಮೀರ್ ಸಾಹೇಬರ ಹೆಸರು ಬಂದಾಗ ಎದ್ದು ಕೊಟ್ಟಿಗೆಗೆ ಹೋಗುವುದನ್ನು ಬಿಟ್ಟ.

ಅಂಥದರಲ್ಲಿ ಒಂದು ಮಧ್ಯಾಹ್ನ ಮುನಿಶಾಮಯ್ಯ ಪಂಚಾಕ್ಷರಿಯನ್ನು ಕರೆಯಲು ಬಂದವನು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದ. ಬಸಮ್ಮ ದಾರಿ ಎಂಥದೆಂದು ಕೇಳಿದಳು. ಚಾಮರಾಜನಗರದ ತನಕ ತೊಂದರೆ ಇಲ್ಲ ತಾಯಿ ಎಂದ ಅವನು. ಅದರ ಆಚೆ ಇಂಗ್ಲಿಷರ ಸೀಮೆ, ಬರೀ ಕಾಡು, ಆಮೇಲೆ ದಿಂಬಂ. ಹೆದರಿಸಬೇಕೆಂದು ಹೇಳಿದ ಮಾತಲ್ಲ, ಕೇಳಿದರು, ಹೇಳಿದ. ಹೋದ ಮಳೆಗಾಲದಲ್ಲಿ ಯಾರದೋ ಲಾರಿ ಅಲ್ಲಿ ತಿರುವಿನಲ್ಲಿ ನಿಲ್ಲಲಿಲ್ಲವಂತೆ. ಬಯಲು ನಾಡಿನಲ್ಲಿ ಓಡಿಸಿದ ಕೈ. ಇಳಿಜಾರಿನಲ್ಲಿ ಹಿಂದಿನ ಲೋಡು ದೂಡುವಾಗ ಬ್ರೇಕು ಒತ್ತಿಯೇ ಇಳಿಸಲು ಹೋಗಿದ್ದಾನೆ, ಬ್ರೇಕು ಕಾದು ಹಿಡಿಯುವುದನ್ನೇ ಬಿಟ್ಟಿದೆ.

"ಕೊಬ್ಬರಿ ಮೂಟೆಗಳು ಮರದ ಮ್ಯಾಲೆ ಸಿಕ್ಕಾಕೊಂಡಿದ್ವು. ಇಬ್ರು ಇದ್ರು ಗಾಡೀಲಿ. ಇಬ್ರೂ ಉಳೀಲಿಲ್ಲ," ಎಂದು ಲೋಟ ಕೆಳಗಿಟ್ಟು, ಪಂಚಾಕ್ಷರಿಯ ಕಡೆ ತಿರುಗಿದ. "ಊಟಿ ರಸ್ತೆ ಕಂಡೋನಿಗೆ ನಾನೇನು ಯೋಳಾದು."

ಪಂಚಾಕ್ಷರಿ ನೆಲ ನೋಡುತ್ತಿದ್ದ. ಗಿರಿಜಾಂಬ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಅಂದಿನಿಂದ ಅವಳ ಕಣ್ಣು ಗಂಡನ ಮೇಲೇ. ಅವನು ಅಂಗಿ ತೊಡುವಾಗ ಗುಂಡಿಯನ್ನು ತಪ್ಪು ತೂತಿಗೆ ಹಾಕುತ್ತಿದ್ದ. ತಣಿಗೆಯಲ್ಲಿ ಅನ್ನ ಉಳಿಸುತ್ತಿದ್ದ. ಒಂದು ಸಂಜೆ ಸುಮ್ಮನೆ ಕೇಳುವವನಂತೆ ಅಪ್ಪನನ್ನು, ಕಬ್ಬಾಳಿನ ಕಡೆಯ ಇಳಿಜಾರಿನಲ್ಲಿ ಲೋಡು ಗಾಡಿ ಹೇಗೆ ಇಳಿಸುತ್ತೀಯೆಂದು ಕೇಳಿದ. ಗವಿಸಿದ್ದಯ್ಯ ಉತ್ಸಾಹದಿಂದ ಹೇಳಿದ: ಗಾಡಿಯ ಹಿಂದೆ ಮರದ ದಿಮ್ಮಿ ಕಟ್ಟಿ ಎಳೆಸಬೇಕು, ತಾನು ಇಳಿದು ಎತ್ತಿನ ಮುಂದೆ ನಡೆಯಬೇಕು, ಎತ್ತು ಹೆದರಿದರೆ ಅದರ ಮೈ ಸವರಿ ನಿಲ್ಲಿಸಬೇಕು. ಮಗ ಎಲ್ಲವನ್ನೂ ಕೇಳಿ, ಯಾವುದೂ ಉಪಯೋಗಕ್ಕೆ ಬಾರದವನಂತೆ ಎದ್ದು ಹೋದ.

ರೇಷ್ಮೆ ಮನೆಗೆ ಹೋದರೆ ಅಲ್ಲಿ ಇನ್ನೊಂದು ಸಂಕಟ. ಮೆಹಬೂಬನ ಹೆಂಡತಿ ತುಂಬು ಬಸುರಿ. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಮಗುವಿಗೆ ಕುಲಾವಿ ಹೊಲಿಯುತ್ತಿದ್ದಳು. ತಮ್ಮನನ್ನು ಕಾಡುದಾರಿಗೆ ಕಳಿಸಲು ಮನಸ್ಸಿರಲಿಲ್ಲ, ನಿಮ್ಮವರ ಜೊತೆ ಎಂದ ಮೇಲೆ ಧೈರ್ಯ ಬಂತು ಎಂದಳು ಖುರ್ಷಿದಾ. ಗಿರಿಜಾಂಬ ಲಡಿ ಎತ್ತಿಕೊಂಡು ಬೇಗ ಬಂದುಬಿಟ್ಟಳು. ಅವತ್ತು ಸುತ್ತಿದ ನೂಲು ಹತ್ತು ಕಡೆ ತುಂಡಾಯಿತು.

ಲೋಡು ಹೇರುವ ದಿನ ಹತ್ತಿರವಾಯಿತು. ಹಿತ್ತಿಲ ಉಪ್ಪುನೀರಿನ ಬಾವಿಯಲ್ಲಿ ಪಂಚಾಕ್ಷರಿ ಎತ್ತಿಗೆ ನೀರು ಸೇದುತ್ತಿದ್ದಾಗ ಅವಳು ಹತ್ತಿರ ಹೋಗಿ ನಿಂತಳು.

"ನಾನು ಹೋಗಿ ಖುರ್ಷಿದಮ್ಮನಿಗೆ ಯೋಳ್ಬುಡ್ಲಾ?"

"ಏನಂತ?"

"ಊಟಿ ಸುಳ್ಳು ಅಂತ."

ಅವನು ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟ. "ನೀನೇ ಕಟ್ಟಿದ್ದು, ನೀನೇ ಬಿಚ್ಚು. ಬಿಚ್ಚಿದ ಮ್ಯಾಕೆ ಈ ಸುತ್ತಿನಲ್ಲಿ ಯಾವ ಗಾಡಿ ತಾವ್ಲೂ ನನ್ನ ನಿಲ್ಲುಸ್ಕೊಳ್ಳಾಕಿಲ್ಲ, ಅದು ತಿಳ್ಕೊ."

"ನಿಮ್ಮ ಕೈಲಾಯ್ತದಾ? ಆಯ್ತದೆ ಅಂತ ಒಂದು ಮಾತು ಅನ್ನಿ. ನಾನು ಸುಮ್ಕಿರ್ತೀನಿ."

ಅವನು ಬಾವಿಯೊಳಗೆ ನೋಡಿದ, ಹಗ್ಗ ಸುತ್ತಿದ, ಕೊಡ ಎತ್ತಿಕೊಂಡು ಕೊಟ್ಟಿಗೆಗೆ ಹೋದ.

ಗಿರಿಜಾಂಬ ಸೆರಗು ಹೊದ್ದು ಹೊರಟಳು. ದಾರಿಯುದ್ದಕ್ಕೂ ಹಿಂದಕ್ಕೆ ಹೋಗೋಣವೆಂದು ಮನಸ್ಸು ಎಳೆಯಿತು. ಅಮೀರ್ ಸಾಹೇಬರ ಅಂಗಳದಲ್ಲಿ ಮೂಟೆಗಳು ಬಂದು ಬೀಳುತ್ತಿದ್ದವು. ಖುರ್ಷಿದಾ ಒಬ್ಬಳೇ ಇದ್ದಾಗ, ನಿಂತ ಕಾಲಲ್ಲೇ ಹೇಳಿಬಿಟ್ಟಳು: ನಮ್ಮವರು ಊಟಿ ಕಂಡಿಲ್ಲ, ಘಾಟಿ ಇಳಿಸಿಲ್ಲ, ಲೋಡು ಗಾಡಿ ಮುಟ್ಟಿಲ್ಲ. ಹೇಳಿದ್ದು ನಾನು.

ಖುರ್ಷಿದಾ ಕೈಯಲ್ಲಿದ್ದ ತಕ್ಕಡಿಯನ್ನು ನಿಧಾನವಾಗಿ ಕೆಳಗಿಟ್ಟಳು.

"ಎಲ್ಲಾ ಗೊತ್ತಿದ್ದೂ ನನ್ನ ತಮ್ಮನ್ನ ಪಕ್ಕದಲ್ಲಿ ಕೂರಿಸ್ತಿದ್ದೆ ನೀನು."

"ಕೂರಿಸ್ತಿದ್ದೆ. ಕೂರಿಸಾಕೆ ಆಗ್ದೆ ಬಂದೆ."

ಮುಂದೆ ಬೈಗುಳ ಬರುತ್ತದೆಂದು ಗಿರಿಜಾಂಬ ಕಾದಳು. ಬೈಗುಳ ಬರಲಿಲ್ಲ. ಮನೆಯಲ್ಲಿರುವ ರೇಷ್ಮೆಯನ್ನು ಸುತ್ತದೇ ಹಾಗೇ ಕಳಿಸಿಕೊಡು, ಇನ್ನು ನೀನು ಬರುವುದು ಬೇಡ ಎಂದು ಹೇಳಿ ಅವಳು ಒಳಗೆ ಹೋದಳು.

ಅಮೀರ್ ಸಾಹೇಬರು ಪಂಚಾಕ್ಷರಿಗೆ ಅಂಗಳದಲ್ಲೇ, ಮೂಟೆ ಹೊರುವವರ ಎದುರಿಗೇ ಕೆಲಸವಿಲ್ಲವೆಂದು ಹೇಳಿ ಮನೆಗೆ ಕಳಿಸಿದರು. ಎರಡನೆಯ ಲಾರಿಯ ಮೂಟೆಗಳನ್ನು ಇಳಿಸಿ ಒಳಗೆ ಪೇರಿಸಲಾಯಿತು. ಮನೆಗೆ ಬಂದ ಪಂಚಾಕ್ಷರಿ ಕೂಗಾಡಲಿಲ್ಲ. ಇವಳ ಕೈಯಲ್ಲಿ ನನಗೆ ಊಟ ಬೇಡ ಎಂದು ಅವ್ವನಿಗೆ ಹೇಳಿ ಜಗಲಿಯಲ್ಲಿ ಕೂತ. ಕೂಗಾಡಿದ್ದು ಬಸಮ್ಮ. ಎಲ್ಲಿಯಾದರೂ ಹೆಂಡತಿಯಾದವಳು ಗಂಡನ ಅನ್ನಕ್ಕೆ ಮಣ್ಣು ಹಾಕುತ್ತಾಳೆಯೇ, ಸುಳ್ಳು ಹೇಳಿದ್ದಾದರೂ ಯಾಕೆ, ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಲಾರದೆ ಹೋದೆಯಾ, ಬಟ್ಟೆ ಕಟ್ಟಿಕೊಂಡು ಸೋಲೂರಿನ ತವರಿಗೆ ಹೋಗು ಎಂದಳು. ಎಷ್ಟು ಅಂದರೂ ಗಿರಿಜಾಂಬ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಗವಿಸಿದ್ದಯ್ಯ, "ಸಾಕು ಬುಡು. ಅವಳೆಲ್ಲೂ ಹೋಗಾದು ಬ್ಯಾಡ," ಎಂದ.

ಆಮೇಲಿನ ದಿನಗಳು ಹೇಗೆ ಕಳೆದವೋ. ಅಡಿಗೆ ಗಿರಿಜಾಂಬನದೇ, ಬಡಿಸುವುದು ಬಸಮ್ಮ. ಗಂಡ ಹೆಂಡತಿಗೆ ಹೇಳಬೇಕಾದ ಮಾತು ಮಗುವಿಗೆ ಹೇಳಿದಂತೆ ಬರುತ್ತಿತ್ತು. ರೇಷ್ಮೆ ಕೆಲಸ ನಿಂತಿತು. ಸಾರಿಗೆ ಬೇಳೆ ಬೀಳುವುದು ಕಡಿಮೆಯಾಗಿ ಹಿತ್ತಿಲ ಸೊಪ್ಪೇ ಹೆಚ್ಚಾಯಿತು. ಪಂಚಾಕ್ಷರಿ ಕೆಲಸ ಕೇಳಲು ಎಲ್ಲಿಗೂ ಹೋಗಲಿಲ್ಲ. ಊಟಿ ಎಂಬ ಮಾತು ಅವನಿಗಿಂತ ಮುಂಚೆ ಎಲ್ಲ ಊರನ್ನೂ ಮುಟ್ಟಿತ್ತು. ಮೋಟಾರು ಸ್ಟ್ಯಾಂಡಿನಲ್ಲಿ ಅವನನ್ನು ಕಂಡರೆ, ಊಟಿ ಕಡೆ ಮಳೆ ಹೇಗೆ ಎಂದು ಕೇಳುವವರಿದ್ದರು.

ಒಂದು ಸಂಜೆ ಗವಿಸಿದ್ದಯ್ಯ ಮಡಿಬಟ್ಟೆ ಉಟ್ಟು, ವಿಭೂತಿ ಇಟ್ಟು, ಎಲ್ಲಿಗೆಂದು ಹೇಳದೆ ಹೋದ. ಬಂದ ಮೇಲೆ ಊಟಕ್ಕೆ ಕೂತಾಗ ಹೇಳಿದ, ಅಮೀರ್ ಸಾಹೇಬರ ಅಂಗಳಕ್ಕೆ ಹೋಗಿದ್ದೆ. ಮುನಿಶಾಮಯ್ಯನ ಕ್ಲೀನರ್ ಕಾಡಿನ ಚಳಿಜ್ವರ ಹಿಡಿದು ಮಲಗಿದ್ದಾನೆ. ಮುನಿಶಾಮಯ್ಯ ಅವನ ಜಾಗಕ್ಕೆ ಇವನನ್ನು ಕೊಡಿ ಎನ್ನುತ್ತಿದ್ದಾನೆ. ಗಾಡಿ ತೊಳೆಯಬೇಕು, ಮೂಟೆ ಕಟ್ಟಬೇಕು, ಘಾಟಿಯಲ್ಲಿ ಗಾಡಿ ನಿಂತಾಗ ಓಡಿ ಹೋಗಿ ಚಕ್ರಕ್ಕೆ ಮರದ ತುಂಡು ಒಡ್ಡಬೇಕು.

"ಲೈಸೆನ್ಸು ಇಟ್ಕೊಂಡು ಇನ್ನೊಬ್ಬನ ಗಾಡಿ ತೊಳೀಲಾ?" ಎಂದ ಪಂಚಾಕ್ಷರಿ.

"ತೊಳಿ."

"ಜನ ನಗ್ತಾರೆ."

"ಈಗೇನು ಅಳ್ತಾವ್ರಾ?"

ಮಗನ ಮುಖ ಕೆಂಪಾಯಿತು. "ನಿನ್ನ ಬಾಡಿಗೆ ಕಿತ್ಕೊಂಡೋರ ಬಾಗ್ಲಿಗೆ ನೀನ್ಯಾಕಪ್ಪ ಹೋದೆ? ಯಾರು ಹೋಗು ಅಂದೋರು?"

ಗವಿಸಿದ್ದಯ್ಯ ತುತ್ತು ನುಂಗಿ, ನೀರು ಕುಡಿದ. "ನಂಗೂ ಕಾಲು ಬರ್ಲಿಲ್ಲ ಕಣ್ಲಾ. ಆದ್ರೂ ಹೋದೆ. ಈಗ ನೀನು ಹೋಗು."

ಎರಡು ದಿನ ಕಳೆದು ಮೂರನೆಯ ದಿನ ಬೆಳಿಗ್ಗೆ ಪಂಚಾಕ್ಷರಿ ಹಳೆಯ ಅಂಗಿ ತೊಟ್ಟು ಹೊರಟ. ಗಿರಿಜಾಂಬ ಕಟ್ಟಿದ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿಯನ್ನು ಬಸಮ್ಮ ಅವನ ಕೈಗೆ ಕೊಟ್ಟಳು. ದಾರಿಯಲ್ಲಿ ಕಬ್ಬಾಳಮ್ಮನಿಗೆ ಇಳಿದು ಕೈಮುಗಿಯಬೇಕೆಂದು ನಿಂಬೆಹಣ್ಣನ್ನೂ ಕೊಟ್ಟಳು. ಅವನು ಹೆಂಡತಿಯ ಕಡೆ ನೋಡದೆ ಮಗಳ ತಲೆ ಸವರಿ ಹೋದ. ಲಾರಿ ಸಾತನೂರಿನ ರಸ್ತೆ ಹಿಡಿದದ್ದನ್ನು ಗಿರಿಜಾಂಬ ಹಿತ್ತಿಲ ಬೇಲಿಯಿಂದ ನೋಡಿದಳು. ಧೂಳು ಇಳಿಯುವ ತನಕ ನಿಂತಿದ್ದಳು.

ಸಂತೆಯ ದಿನದೊಳಗೆ ಬಂದುಬಿಡುತ್ತಾರೆ ಎಂದಿದ್ದರು. ಸಂತೆ ಬಂತು, ಹೋಯಿತು. ಲಾರಿ ಬರಲಿಲ್ಲ. ದೂರದ ಪ್ರಯಾಣ, ಒಂದೆರಡು ದಿನ ಆಚೀಚೆ ಆಗುತ್ತದೆ ಎಂದು ಗವಿಸಿದ್ದಯ್ಯ ಎಲ್ಲರಿಗೂ ಹೇಳುತ್ತಿದ್ದ, ಹೇಳಿ ರಸ್ತೆಯ ಕಡೆ ಹೋಗಿ ನಿಲ್ಲುತ್ತಿದ್ದ. ಗಿರಿಜಾಂಬ ಕೈಗೆ ಕೆಲಸವಿಲ್ಲದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಯಾವ ಮೋಟಾರಿನ ಸದ್ದು ಕೇಳಿದರೂ ಬಾಗಿಲಿಗೆ ಬರುತ್ತಿದ್ದಳು. ಅದು ಮೈಸೂರಿನ ಬಸ್ಸಾಗಿರುತ್ತಿತ್ತು.

ಆಮೇಲೆ ಬಾವಿಯಿಂದ ಬಸಮ್ಮ ಖಾಲಿ ಬಿಂದಿಗೆ ಹಿಡಿದು ಓಡಿ ಬಂದಳು. ಮಳವಳ್ಳಿ ಕಡೆಯಿಂದ ಬಂದ ಯಾರೋ ಸ್ಟ್ಯಾಂಡಿನಲ್ಲಿ ಹೇಳಿದರಂತೆ, ದಿಂಬಂ ಘಾಟಿಯಲ್ಲಿ ಲಾರಿ ಬಿದ್ದಿದೆಯಂತೆ. ಯಾರ ಲಾರಿ, ಯಾವ ದಿನ, ಒಂದೂ ಗೊತ್ತಿಲ್ಲ. ಬಸಮ್ಮ ಅಂಗಳದಲ್ಲೇ ಕುಸಿದು ಕೂತಳು.

"ನೀನು ಬಾಯಿ ಬುಡದೆ ಇದ್ದಿದ್ರೆ ನನ್ನ ಮಗ..." ಎಂದು ಸೊಸೆಯ ಕಡೆ ಕೈ ತೋರಿಸಿ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಬಾಯಿ ಬಿಡದಿದ್ದರೂ ಮಗ ಅದೇ ದಾರಿಯಲ್ಲಿ ಇರುತ್ತಿದ್ದ, ಅದೂ ತಾನೇ ಚಕ್ರ ಹಿಡಿದು. ಯಾರನ್ನು ಬೈಯಬೇಕೆಂದು ತಿಳಿಯದೆ ಅವಳು ಸುಮ್ಮನೆ ಅತ್ತಳು. ಗಿರಿಜಾಂಬ ಪಕ್ಕದಲ್ಲಿ ಕೂತು ಅತ್ತೆಯ ಕೈಯಿಂದ ಬಿಂದಿಗೆ ತೆಗೆದಿಟ್ಟಳು. ಅವಳಿಗೆ ಅಳು ಬರಲಿಲ್ಲ. ಗವಿಸಿದ್ದಯ್ಯ ಎತ್ತು ಹೂಡಿ, ಸಾತನೂರಿನ ತನಕ ಹೋಗಿ ಕೇಳಿಕೊಂಡು ಬರುತ್ತೇನೆಂದು ಹೊರಟ.

ಅವತ್ತು ಮಧ್ಯಾಹ್ನದ ಮೇಲೆ ಮುಸುಕು ಹಾಕಿಕೊಂಡ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು. ಮುಸುಕು ತೆಗೆದಾಗ ಖುರ್ಷಿದಾ. ಆ ಮನೆಗೆ ಅವಳು ಬಂದದ್ದು ಅದೇ ಮೊದಲು. ಬಸಮ್ಮ ಒಂದು ಗಳಿಗೆ ತಡವರಿಸಿ, ಆಮೇಲೆ ತಾನೇ ನಡುಮನೆಯಲ್ಲಿ ಚಾಪೆ ಹಾಸಿದಳು. ಮನೆಯವರು ರೈಲು ಸ್ಟೇಷನ್ನಿಗೆ ಹೋಗಿ ಕೊಯಮತ್ತೂರಿನ ಮಂಡಿಗೆ ತಂತಿ ಕೊಟ್ಟಿದ್ದಾರೆ, ಇನ್ನೂ ಜವಾಬು ಬಂದಿಲ್ಲ, ಅದನ್ನು ತಿಳಿಸಿ ಹೋಗಲು ಬಂದೆ ಎಂದಳು. ತಿಳಿಸಿದ ಮೇಲೂ ಎದ್ದು ಹೋಗಲಿಲ್ಲ. ಗಿರಿಜಾಂಬ ನೀರು, ಬೆಲ್ಲ ತಂದಿಟ್ಟಳು.

"ನಿನ್ನ ಮೇಲೆ ಸಿಟ್ಟು ಹೋಗಿಲ್ಲ," ಎಂದಳು ಖುರ್ಷಿದಾ. "ಆದ್ರೆ ಮನೇಲಿ ಕೂರೋಕೆ ಆಗ್ಲಿಲ್ಲ. ನನ್ನ ತಮ್ಮ ಉಂಡು ಮಲಗವ್ನೆ. ನಿನ್ನ ಗಂಡ ಅಲ್ಲಿ ಘಾಟೀಲಿ ಅವ್ರೆ."

ಮೂವರು ಹೆಂಗಸರೂ ಹಾಗೇ ಕೂತರು. ಬಸಮ್ಮ ಸುಮ್ಮನೆ ಕೂರಲಾರದೆ ಅವರೆಕಾಯಿಯ ಮೊರ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಖುರ್ಷಿದಾಳ ಕೈಯೂ ಮೊರಕ್ಕೆ ಬಂತು. ಬಿಸಿಲು ಇಳಿದ ಮೇಲೆ ಅವಳು ಮುಸುಕು ಎಳೆದುಕೊಂಡು, ಹೋಗಿ ಬರುತ್ತೇನೆಂದೂ ಹೇಳದೆ ಹೋದಳು.

ಮಾರನೆಯ ದಿನ ಹೊತ್ತೇರಿದ ಮೇಲೆ ಲಾರಿ ಬಂತು. ಗಿರಿಜಾಂಬ ಬಾಗಿಲಿಗೆ ಓಡಿದಾಗ ಅದು ಬೀದಿಯ ತುದಿಯಲ್ಲಿ ನಿಂತು ಪಂಚಾಕ್ಷರಿಯನ್ನು ಇಳಿಸಿ, ಕೋಟೆಯ ಕಡೆ ತಿರುಗುತ್ತಿತ್ತು. ಅವನ ಕೆನ್ನೆ ಒಳಕ್ಕೆ ಹೋಗಿತ್ತು. ಮೈಯೆಲ್ಲ ಎಣ್ಣೆ, ಧೂಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಬಸಮ್ಮ ಅವನ ಭುಜ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಅಪ್ಪ ಸಾತನೂರಿನಲ್ಲಿ ಸಿಕ್ಕಿದ, ಲಾರಿ ಹತ್ತು ಎಂದರೆ ಎತ್ತು ಬಿಟ್ಟು ಬರುವುದಿಲ್ಲ ಎಂದ, ಹಿಂದೆ ಬರುತ್ತಿದ್ದಾನೆ ಎಂದು ಅವನು ಹೇಳಿದ. ಬಿದ್ದದ್ದು ಮದ್ರಾಸು ಕಡೆಯ ಯಾರದೋ ಲಾರಿ. ದಾರಿಗೆ ಅಡ್ಡ ಬಿದ್ದಿದ್ದ ಅದನ್ನು ಸರಿಸುವ ತನಕ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ನಿಂತಿದ್ದರು. ಅದರಲ್ಲಿದ್ದವರ ವಿಚಾರ ಬಸಮ್ಮ ಕೇಳಿದಳು. ಅವನು ಸ್ನಾನಕ್ಕೆ ನೀರು ಇದೆಯೇ ಎಂದ.

ಗವಿಸಿದ್ದಯ್ಯ ಬಂದು, ಎತ್ತು ಬಿಚ್ಚಿ, ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಸಂಜೆಯಾಗಿತ್ತು. ಪಂಚಾಕ್ಷರಿ ಮೊದಲು ಬರೀ ಉಂಡ. ಆಮೇಲೆ ಒಂದೊಂದೇ ಮಾತು ಬಿಟ್ಟ. ಇಳಿಯುವಾಗ ಮುನಿಶಾಮಯ್ಯ ಗೇರಿನಲ್ಲೇ ಗಾಡಿಯನ್ನು ಬಿಗಿಹಿಡಿಯುತ್ತಿದ್ದ. ತಿರುವು ಬಂದಾಗಲೆಲ್ಲ ನಾನು ಧುಮುಕಿ ಹಿಂದೆ ಮುಂದೆ ಓಡುತ್ತಿದ್ದೆ. ಒಂದು ಕಡೆ ಚಕ್ರ ಮರದ ತುಂಡನ್ನೇ ಹತ್ತಿಬಿಟ್ಟಿತು, ಕಲ್ಲು ಹೊತ್ತು ಹಾಕಿದೆ.

"ಬರ್ತಾ ಚಾಮರಾಜನಗರದ ಬಯಲಲ್ಲಿ ಒಸಿ ಹಿಡೀತೀಯಾ ಅಂದ. ಲೋಡು ಯಾವತ್ತೂ ಹಿಡಿದಿಲ್ಲ ಅಂದೆ. ಗೊತ್ತು, ಹಿಡಿ ಅಂದ. ಕೊಳ್ಳೇಗಾಲದ ಗಂಟ ತಂದೆ."

ಹಾಗಾದರೆ ಇನ್ನು ಡ್ರೈವರ್ ಕೆಲಸವನ್ನೇ ಕೊಡುತ್ತಾರೆಯೇ ಎಂದು ಬಸಮ್ಮ ಆಸೆಯಿಂದ ಕೇಳಿದಳು. ಎಲ್ಲಿ, ಇನ್ನೂ ಬಹಳ ದಿನ ಕ್ಲೀನರೇ ಎಂದ ಅವನು. ನಾಡಿದ್ದು ಮತ್ತೆ ಹೊರಡಬೇಕು.

ಗಿರಿಜಾಂಬ ಕಂಬದ ಹತ್ತಿರ ಕೂತು ಮಗಳಿಗೆ ಉಣಿಸುತ್ತಿದ್ದಳು. ಅವನು ತಣಿಗೆ ನೋಡುತ್ತ ಹೇಳಿದ. ಮಗುವಿಗೆ ಹೇಳಿದ ಮಾತಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

"ಅವತ್ತು ನೀನು ಹೋಗಿ ಯೋಳದೆ ಇದ್ದಿದ್ರೂ ನಾನು ಇಳಿಸ್ಬುಡ್ತಿದ್ನೇನೋ."

ಗವಿಸಿದ್ದಯ್ಯನ ಕೈ ಬಾಯಿಯ ಹತ್ತಿರ ನಿಂತಿತು. ಗಿರಿಜಾಂಬ ಮಗುವಿನ ಬಾಯಿ ಒರೆಸಿದಳು.

"ಇಳಿಸ್ತಿದ್ರೇನೋ," ಎಂದಳು. "ನಂಗೆ ಗೊತ್ತಿಲ್ಲ."

ಅವನು ಒಡೆದ ಬೊಬ್ಬೆಯ ಅಂಗೈಯನ್ನು ದೀಪದ ಬೆಳಕಿಗೆ ತಿರುಗಿಸಿ ನೋಡಿಕೊಂಡ.

"ನಂಗೂ ಗೊತ್ತಿಲ್ಲ," ಎಂದು ಖಾಲಿ ತಣಿಗೆಯನ್ನು ಅವಳ ಕಡೆ ಸರಿಸಿದ. ಸಾರಿನ ಪಾತ್ರೆ ಹಿಡಿದು ಎದ್ದಿದ್ದ ಬಸಮ್ಮ ಅದನ್ನು ಸೊಸೆಯ ಕೈಗೆ ಕೊಟ್ಟು, ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡಳು.